ಹೊರಕ್ಕೆ ತೆರೆಯುವ ಬಾಗಿಲು

ಮೇ ೧೪, ಮಂಗಳವಾರ

ಬೇಸಿಗೆ ರಜೆಯಲ್ಲಿ ಹೈಸ್ಕೂಲು ಮಕ್ಕಳಿಗೆ ಆರ್ಕಿಟೆಕ್ಚರ್ ಹೇಳಿಕೊಡುತ್ತೇನೆಂದು ಒಪ್ಪಿಕೊಂಡ ನನ್ನ ಬುದ್ಧಿಗೆ ಏನೆನ್ನಬೇಕೋ. ನಿಮಗೆ ಬೇಕಾದ ಮನೆಯ ನಕ್ಷೆ ಬರೆಯಿರಿ ಎಂದರೆ, ಒಬ್ಬನ ಮಹಡಿಗೆ ಮೆಟ್ಟಿಲೇ ಇಲ್ಲ. ಕೇಳಿದರೆ, "ಆಮೇಲೆ ಹಾಕ್ತೀನಿ ಮಿಸ್" ಅನ್ನುತ್ತಾನೆ. ಇನ್ನೊಬ್ಬಳ ಅಡುಗೆಮನೆಯಲ್ಲಿ ಎರಡು ಬಸ್ಸು ನಿಲ್ಲಿಸಬಹುದು.

ಎಲ್ಲರಿಗಿಂತ ಹೆಚ್ಚು ತಲೆ ತಿಂದವಳು ಎರಡು ಜಡೆಯ ಹುಡುಗಿ. ಅವಳ ನಕ್ಷೆಯಲ್ಲಿ ಬಚ್ಚಲಿನ ಬಾಗಿಲು ಹೊರಕ್ಕೆ, ಓಡಾಡುವವರ ಮುಖಕ್ಕೆ ಬಡಿಯುವ ಹಾಗೆ ತೆರೆಯುತ್ತಿತ್ತು. ಮೂರು ಸಲ ಕೆಂಪು ಪೆನ್ನಿನಲ್ಲಿ ತಿದ್ದಿದೆ. ಮೂರು ಸಲವೂ ಹೊಸ ಹಾಳೆಯಲ್ಲಿ ಹೊರಕ್ಕೇ ಬರೆದು ತಂದಳು. ರೇಗಿಹೋಯಿತು.

"ಹೇಳಿದ್ದು ಕೇಳಿಸಲ್ವಾ ನಿಂಗೆ?"

"ಕೇಳಿಸ್ತು ಮಿಸ್. ನಮ್ಮಜ್ಜಿ ಬಚ್ಚಲಲ್ಲಿ ಬಾಗಿಲಿಗೇ ಅಡ್ಡ ಬಿದ್ದುಬಿಟ್ಟಿದ್ರು. ಅದು ಒಳಕ್ಕೆ ತೆಗೆಯೋ ಬಾಗಿಲು. ನಾವು ತಳ್ಳಿದಷ್ಟೂ ಅವರಿಗೇ ತಾಗ್ತಿತ್ತು."

ಇಪ್ಪತ್ತೆರಡು ವರ್ಷದಿಂದ ಮನೆಗಳ ನಕ್ಷೆ ಬರೆಯುತ್ತಿದ್ದೇನೆ. ಅವಳ ಹಾಳೆಯನ್ನು ಹಾಗೇ ವಾಪಸು ಕೊಟ್ಟೆ.

ಇದನ್ನು ಬರೆಯಲು ಕೂತಾಗ ಅಮ್ಮ ಬಚ್ಚಲಿಗೆ ಹೋದಳು. ನಮ್ಮ ಬಾಗಿಲೂ ಒಳಕ್ಕೇ ತೆರೆಯುತ್ತದೆ. ಜಾಗ ಉಳಿಯುತ್ತದೆಂದು ಹಾಗೆ ಹಾಕಿಸಿದವಳು ನಾನೇ. ಚಿಲಕ ಹಾಕಿಕೊಳ್ಳಬೇಡ ಎಂದರೆ ಕೇಳುವವಳೂ ಅಲ್ಲ. ನೀರಿನ ಸದ್ದು ನಿಂತು ಎಷ್ಟು ಹೊತ್ತಾಯಿತೋ. ಎದ್ದು ಒಂದು ಸಲ ಬಾಗಿಲು ತಟ್ಟಿ—