ಫೋಟೋ ಸರಿಯಾಗಿ ಬಂದಿಲ್ಲ

ಜುಲೈ ೧೮, ಶುಕ್ರವಾರ

ಥೂ! ಬಂದವಳೇ ಸ್ನಾನ ಮಾಡಿದೆ. ಆದರೂ ಅಸಹ್ಯ ಹೋಗಿಲ್ಲ. ಊಟವೂ ಸೇರಲಿಲ್ಲ.

ದೀರ್ಘಕಾಲದ ಕಾಯಿಲೆಯಿರುವ ಮಕ್ಕಳನ್ನು ಶಾಲೆಯಲ್ಲಿ ನೋಡಿಕೊಳ್ಳುವುದು ಹೇಗೆಂದು ಮೇಷ್ಟ್ರು, ಮೇಡಂಗಳಿಗೆಲ್ಲ ಇವತ್ತು ತರಬೇತಿ. ಸಕ್ಕರೆ ಕಾಯಿಲೆಯ ಪಾಠಕ್ಕೆ ‘ಜೀವಂತ ಉದಾಹರಣೆ’ ಬೇಕಂತೆ. ಆ ಕಾಯಿಲೆಯಿರುವ ನನ್ನ ಕ್ಲಾಸಿನ ಹುಡುಗಿ ಗುಬ್ಬಿಯನ್ನು ಕರೆದುಕೊಂಡು ಹೋದೆ. ಅವಳ ಅಮ್ಮನನ್ನು ಒಪ್ಪಿಸಿದವಳೂ ನಾನೇ.

ಊಟಕ್ಕೆ ಮುಂಚಿನ ಇನ್ಸುಲಿನ್ನನ್ನು ಅವಳು ವೇದಿಕೆಯ ಮೇಲೆ, ಅಷ್ಟು ಜನರೆದುರು ಅಂಗಿಯ ಅಂಚೆತ್ತಿ ಹೊಟ್ಟೆಗೆ ಚುಚ್ಚಿಕೊಂಡಳು. ಚಪ್ಪಾಳೆ. ತರಬೇತಿ ಕೊಡುವ ಮಹಾಶಯ ಮೊಬೈಲ್ ನೋಡಿ ಮುಖ ಕಿವುಚಿದ. “ಫೋಟೋ ಸರಿಯಾಗಿ ಬಂದಿಲ್ಲ ಪುಟ್ಟಿ. ಇನ್ನೊಂದ್ಸಲ ಚುಚ್ಕೊಳ್ಳಮ್ಮ.”

ಡೋಸು ಎರಡಾದರೆ ಪ್ರಾಣಕ್ಕೇ ಸಂಚಕಾರ ಎಂದು ಬೆಳಿಗ್ಗೆಯಿಂದ ಬಡಿದುಕೊಂಡಿದ್ದು ಅದೇ ಬಾಯಿ. ಎಲ್ಲರೂ ಅದನ್ನು ಬರೆದುಕೊಂಡಿದ್ದರು. ಈಗ ಒಬ್ಬರೂ ತುಟಿ ಪಿಟಕ್ಕೆನ್ನಲಿಲ್ಲ. ಪಕ್ಕದ ಗಣಿತದ ಮೇಡಂ ತಮ್ಮ ಮೊಬೈಲನ್ನು ಇನ್ನಷ್ಟು ಮೇಲೆತ್ತಿದರು.

ನಾನೆದ್ದು ವೇದಿಕೆ ಹತ್ತುವಷ್ಟರಲ್ಲಿ ಗುಬ್ಬಿಯೇ ಇನ್ಸುಲಿನ್ ಪೆನ್ನಿಗೆ ಮುಚ್ಚಳ ಹಾಕಿದಳು. “ಇನ್ನೊಂದ್ಸಲ ಚುಚ್ಕೊಂಡ್ರೆ ನಾನು ಬಿದ್ದೋಗ್ತೀನಿ ಸಾರ್.”

ಸಭೆ ಗೊಳ್ಳೆಂದು ನಕ್ಕಿತು. “ಚೂಟಿ ಇದಾಳೆ” ಎಂದ ಆತ. ನಾಚಿಕೆಯೂ ಇಲ್ಲ, ಮಾನವೂ ಇಲ್ಲ.

ಕೊನೆಗೆ ಪರೀಕ್ಷೆ ಬೇರೆ. ಡೋಸಿನ ಪ್ರಶ್ನೆಗೆ ಎಲ್ಲರದೂ ಸರಿಯುತ್ತರ.

ವಾಪಸು ಬರುವಾಗ ಬಸ್ಸಿನಲ್ಲಿ ಗುಬ್ಬಿ ಕೇಳಿದಳು, “ಮಿಸ್, ಅವ್ರೆಲ್ಲ ಪಾಸಾದ್ರಾ?”

“ಹೂಂ, ಎಲ್ಲರೂ.”

ಅವಳು ತನ್ನ ಔಷಧಿಯ ಚೀಲವನ್ನು ಮಡಿಲಿಗೆ ಎಳೆದುಕೊಂಡಳು.

“ಹಾಗಾದ್ರೆ ನೀವು ಯಾವತ್ತೂ ರಜಾ ಹಾಕ್ಬೇಡಿ ಮಿಸ್.”