ಬೆಳಕಿನ ಚಿಕಿತ್ಸೆಗೆ ನಾನು ಕೊಟ್ಟ ಅಂಕ

ಗುರುವಾರ, ಮಧ್ಯಾಹ್ನ
ಹೊಲಿಗೆ ಅಂಗಡಿಯಿಂದ

ಡಾಕ್ಟರಮ್ಮನವರಿಗೆ,

ಮಗಳೇ ಎಂದು ಬರೆಯಲು ಈ ಹೊತ್ತು ಕೈ ಬರುತ್ತಿಲ್ಲ. ಫೋನಿನಲ್ಲಾದರೆ ಎರಡು ಮಾತಿಗೇ ನನ್ನ ಬಾಯಿ ಮುಚ್ಚಿಸುತ್ತೀಯ, ಅದಕ್ಕೇ ಕಾಗದ.

ಎದುರು ಮನೆಯ ಸಂಗೀತದ ಟೀಚರು ಇವತ್ತು ಅಳತೆ ಕೊಡಲು ಬಂದವರು ಅತ್ತುಬಿಟ್ಟರು. ಹಾಡಲು ಬಾಯಿ ತೆರೆದು ಉಸಿರೆಳೆದರೆ ಸಾಕು, ಗಾಳಿ ತಗುಲಿ ಹಲ್ಲು ಜುಮ್ಮೆನ್ನುತ್ತದಂತೆ. ಪಾಠ ನಿಲ್ಲಿಸಿ ಹದಿನೈದು ದಿನವಾಯಿತು. ನಿನ್ನ ಹಲ್ಲಿನ ಆಸ್ಪತ್ರೆಯಲ್ಲಿ ನಾಲ್ಕು ಸಲ ಲೇಸರ್ ಬೆಳಕು ಹಿಡಿಸಿಕೊಂಡಿದ್ದಾರೆ. ಕಡಿಮೆಯಾಗಿಲ್ಲ ಎಂದದ್ದಕ್ಕೆ ನೀನು ಗೋಡೆಯ ಮೇಲಿನ ನನ್ನ ಫೋಟೋ ತೋರಿಸಿ, ನಮ್ಮಮ್ಮನಿಗೆ ಒಂದೇ ಸಲಕ್ಕೆ ಹೋಯ್ತು, ನಿಮ್ಮದು ಹಲ್ಲಿಂದಲ್ಲ, ಮನಸ್ಸಿಂದು ಅಂದೆಯಂತೆ. ಅದೂ ನರ್ಸ್ ಎದುರಿಗೆ! ಪಾಪ, ಅವರೀಗ ಅದನ್ನೇ ನಂಬಿ, ತಮಗೇನಾದರೂ ತಲೆ ಕೆಟ್ಟಿದೆಯಾ ಎಂದು ನನ್ನನ್ನೇ ಕೇಳುತ್ತಾರೆ. ನನಗೆ ಮೈಯೆಲ್ಲ ಉರಿದುಹೋಯಿತು.

ಈಗ ಕೇಳು. ಆ ಯಂತ್ರ ಬಂದ ದಿನ ಮೊದಲು ಕುರ್ಚಿಯಲ್ಲಿ ಮಲಗಿದವಳು ನಾನು. ಮೂವತ್ತು ವರ್ಷ ದಾರ ಕಚ್ಚಿ ಕಚ್ಚಿ ಸವೆದ ಹಲ್ಲು ನನ್ನದು. ಇಬ್ಬರಿಗೂ ಕಪ್ಪು ಕನ್ನಡಕ, ಪೆನ್ನಿನಂಥದ್ದರ ತುದಿಯಿಂದ ಒಂದೊಂದು ಹಲ್ಲಿಗೂ ಒಂದೊಂದು ನಿಮಿಷ ಕೆಂಪು ಬೆಳಕು. ಆಮೇಲೆ ನೀನು ಗಾಳಿ ಊದಿ, ಹತ್ತಕ್ಕೆ ಎಷ್ಟು ನೋವಮ್ಮ ಎಂದೆ. ಪ್ರಾಣ ಹೋದ ಹಾಗಾಗಿತ್ತು, ಎಂಟು ಅನ್ನಬೇಕಿತ್ತು. ನಿನ್ನ ಮುಖ ನೋಡಿದೆ. ಚಿಕ್ಕವಳಿದ್ದಾಗ ಪರೀಕ್ಷೆಯ ಫಲಿತಾಂಶಕ್ಕೆ ಕಾಯುತ್ತಿದ್ದೆಯಲ್ಲ, ಹಾಗೇ ತುಟಿ ಕಚ್ಚಿಕೊಂಡು ನಿಂತಿದ್ದೆ. ನಾನು ಬರೀ ಒಂದು ಅಂದುಬಿಟ್ಟೆ.

ಅದು ನನ್ನ ತಪ್ಪು, ಒಪ್ಪಿಕೊಂಡೆ. ಆದರೆ ನೀನು? ತಕ್ಷಣ ಕ್ಯಾಮೆರಾ ತರಿಸಿ, ನಗಮ್ಮ ನಗಮ್ಮ ಎಂದೆ. ಅಲ್ಲಿಂದ ಎಂಟು ತಿಂಗಳು ಪ್ರತಿ ಭಾನುವಾರ ನನ್ನೆದುರು ಕೂತು ಉಂಡಿದ್ದೀಯ. ನಾನು ಒಂದೇ ಪಕ್ಕದಲ್ಲಿ ಅಗಿಯುತ್ತೇನೆ, ನೀರು ಬಿಸಿ ಮಾಡಿ ಆರಿಸಿಕೊಂಡು ಕುಡಿಯುತ್ತೇನೆ. ಊರವರ ಬಾಯೆಲ್ಲ ಇಣುಕಿ ನೋಡುವವಳಿಗೆ ಹೆತ್ತವಳ ಬಾಯಿ ಕಾಣಲಿಲ್ಲ.

ಆ ಬೆಳಕಿನಿಂದ ಎಷ್ಟೋ ಜನಕ್ಕೆ ಗುಣವಾಗಿರಬಹುದು, ಅಲ್ಲಗಳೆಯುವುದಿಲ್ಲ. ಆದರೆ ಗುಣವಾಗದವರದ್ದು ಬರೀ ಭ್ರಮೆ ಎಂದು ಯಾವ ಪುಸ್ತಕದಲ್ಲಿ ಓದಿದೆ? ಇಲ್ಲಿ ಸುಳ್ಳು ಹೇಳಿದವಳು ಗುಣವಾಯಿತು ಎಂದವಳು, ತಾಯೀ! ನಾಳೆಯೇ ಆ ಫೋಟೋ ಇಳಿಸು. ಟೀಚರ ಮನೆಗೆ ನೀನೇ ಹೋಗಿ ಕ್ಷಮೆ ಕೇಳಿ ಕರೆದುಕೊಂಡು ಬಾ. ಹಲ್ಲು ಬಿರುಕು ಬಿಟ್ಟಿದೆಯೋ, ಒಸಡು ಸರಿದಿದೆಯೋ, ಮೊದಲಿಂದ ನೋಡು. ಇಲ್ಲದಿದ್ದರೆ ನಾನೇ ಬಂದು ಎಲ್ಲ ರೋಗಿಗಳ ಮುಂದೆ ಫೋಟೋ ಕಿತ್ತುಹಾಕುತ್ತೇನೆ. ನನ್ನ ಬುದ್ಧಿ ಗೊತ್ತಲ್ಲ.

ಇಂತಿ,
ನಿನ್ನ ಅಮ್ಮ
(ಗೋಡೆಯ ಮೇಲಿರುವವಳಲ್ಲ)

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದನ್ನು ಟೀಚರಿಗೆ ಓದಲು ಕೊಟ್ಟೆ. ನನ್ನ ಸುಳ್ಳಿನಿಂದ ಇಷ್ಟು ಪಾಡು ಪಟ್ಟವರು, ಚೆನ್ನಾಗಿ ಬಯ್ಯಲಿ ಎಂದು ತಲೆ ತಗ್ಗಿಸಿ ಕೂತಿದ್ದೆ. ಅವರು ಬಯ್ಯಲಿಲ್ಲ. ಹಾಗಾದರೆ ನಿಮಗೆ ಈಗಲೂ ನೋಯುತ್ತಾ ಎಂದು ಕೇಳಿದರು. ಆ ಒಂದು ಮಾತು ನಿನ್ನ ಬಾಯಿಂದ ಬರಲಿ ಎಂದು ಎಂಟು ತಿಂಗಳು ಕಾದಿದ್ದೆ.