ಕುಳ್ಳಿನ ಬೂದಿ

ಮಾರ್ಚ್ ೯, ಸೋಮವಾರ, ಔರಾದ

ಅಪ್ಪನ ಚಿತಾಭಸ್ಮವನ್ನು ಬಣ್ಣಕ್ಕೆ ಬೆರೆಸಿ ಅವನದೇ ಚಿತ್ರ ಬರೆಯಲು ಬೀದರಿನ ಕಲಾವಿದೆಗೆ ಕೊಟ್ಟಿದ್ದೆ. ಬೆಳಿಗ್ಗೆ ಅವಳ ಫೋನು: "ಎಲುಬಿನ ಚೂರು ಒಂದೂ ಸಿಗಲಿಲ್ರಿ. ಬರೇ ಕುಳ್ಳಿನ ಬೂದಿ ಕಂಡಂಗ ಅದ. ನಡೀತದೇನ್ರಿ?" ನಡೆಯುತ್ತದೆ ಎಂದೆ. ಉಳಿದದ್ದೆಲ್ಲ ಮಾಂಜ್ರಾ ನದಿಗೆ ಬಿಟ್ಟು ತಿಂಗಳಾಯಿತು. ಅಪ್ಪನನ್ನು ಹೊಳೆಗೆ ಹಾಕಿ, ಚಿತೆಗೆ ಒಟ್ಟಿದ್ದ ಬರೀ ಸಗಣಿ ಕುಳ್ಳನ್ನು ಡಬ್ಬಿಯಲ್ಲಿ ತುಂಬಿಟ್ಟೆನೇ?

ತಡೆಯಲಾಗದೆ ಅವ್ವನಿಗೆ ಹೇಳಿದೆ. ಅವಳು ಜೋಳ ಕೇರುವುದನ್ನು ನಿಲ್ಲಿಸಲಿಲ್ಲ. "ಆ ಕುಳ್ಳು ತಟ್ಟಿದಾಕಿ ನಾನೇ ಅಲ್ಲೇನು? ಅವರ ಸಂಗಾಟ ನಾನೂ ಇರ್ತೀನಿ, ಇರಲಿ ಬಿಡು."

ಸಮಾಧಾನವಾಗಬೇಕಿತ್ತು. ಬರುವ ವಾರ ಚಿತ್ರ ಗೋಡೆಗೆ ಬರುತ್ತದೆ, ಎಲ್ಲರೂ ಹಾರ ತರುತ್ತಾರೆ. ಅವ್ವ ಎದುರಿಗೇ ಕೂತಿರುವಾಗ, ಅವಳೂ ಇರುವ ಆ ಚಿತ್ರಕ್ಕೆ ನಾನು ಹಾರ ಹೇಗೆ ಹಾಕಲಿ?